ಅರ್ಧ ಒಬ್ಬಟ್ಟು ಅಂದ್ರೆ ಎಷ್ಟು?

ಹಬ್ಬ ಹತ್ತಿರ ಬಂತು ಅಂದರೆ ಪೇಪರ್‌ನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಒಂದೇ ಉಪದೇಶ. ಚಿಕ್ಕ ತಟ್ಟೆ ಬಳಸಿ, ನಿಧಾನವಾಗಿ ತಿನ್ನಿ, ಸಾಕು ಅನ್ನಿಸಿದಾಗ ನಿಲ್ಲಿಸಿ. ಇದನ್ನು ಬರೆಯುವವರು ಒಮ್ಮೆಯಾದರೂ ನಮ್ಮ ಮೈಸೂರು ಕಡೆ ಪಂಕ್ತಿಯಲ್ಲಿ ಕೂತು ಉಂಡಿದ್ದಾರಾ ಅಂತ ನನಗೆ ಅನುಮಾನ. ಹೋದ ಗೌರಿ ಹಬ್ಬಕ್ಕೆ ನಮ್ಮ ಮನೆಯವರು ಧೈರ್ಯ ಮಾಡಿ, "ಅಮ್ಮಾ, ನನಗೊಂದು ಚಿಕ್ಕ ಎಲೆ ಹಾಕು" ಅಂದರು. "ಯಾಕೋ, ನಮ್ಮನೇಲಿ ಎಲೆಗೆ ಬರ ಬಂದಿದೆಯಾ?" ಅಂತ ಅತ್ತೆ ಇದ್ದುದರಲ್ಲೇ ದೊಡ್ಡ ಕುಡಿ ಎಲೆ ಹುಡುಕಿ ಹಾಕಿದರು.

ನಿಧಾನವಾಗಿ ತಿನ್ನೋದೂ ಅಷ್ಟೇ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗೋಕೆ ಸುಮಾರು 20 ನಿಮಿಷ ಬೇಕಂತೆ. ಪಂಕ್ತಿಯಲ್ಲಿ ಆ 20 ನಿಮಿಷದೊಳಗೆ ತೊವ್ವೆ, ಸಾರು, ಹುಳಿ, ಚಿತ್ರಾನ್ನ, ಒಬ್ಬಟ್ಟು ಎಲ್ಲ ಬಂದು ಹೋಗಿ, ಮಜ್ಜಿಗೆಯವರು ಸೌಟು ಹಿಡಿದು ಬಗ್ಗಿ ನಿಂತಿರುತ್ತಾರೆ. ತಲೆಗೆ ಸುದ್ದಿ ಮುಟ್ಟುವ ಹೊತ್ತಿಗೆ ನಾವು ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತೇವೆ.

ಒಮ್ಮೆ ಎಲೆಯನ್ನೇ ಸರಿಯಾಗಿ ನೋಡಿ. ಮೈಗೆ ಒಳ್ಳೆಯದೆಲ್ಲ ಮೇಲರ್ಧದಲ್ಲಿ ಇರುತ್ತದೆ, ಅಲ್ವಾ? ಹುರುಳಿಕಾಯಿ ಪಲ್ಯ, ಸೌತೆಕಾಯಿ ಹಾಕಿದ ಹೆಸರುಬೇಳೆ ಕೋಸಂಬರಿ. ನಾರಿದೆ, ಪ್ರೋಟೀನ್ ಇದೆ, ಹೊಟ್ಟೆ ತುಂಬುತ್ತದೆ. ಆದರೆ ಅದು ಬರೋದು ಪುಟ್ಟ ಚಮಚದಲ್ಲಿ, ಒಂದೇ ಸಲ. ಆಮೇಲೆ ಆ ಪಾತ್ರೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಒಬ್ಬಟ್ಟು ಮಾತ್ರ ಮತ್ತೆ ಮತ್ತೆ ಪಂಕ್ತಿ ಸುತ್ತುತ್ತಿರುತ್ತದೆ. ನೆಂಟರ ಮನೆಯೊಂದರಲ್ಲಿ ನಾನು ನಾಚಿಕೆ ಬಿಟ್ಟು, "ಸ್ವಲ್ಪ ಕೋಸಂಬರಿ ಇದ್ದರೆ ಹಾಕ್ತೀರಾ?" ಅಂತ ಕೇಳಿದೆ. ಒಳಗೆ ಏನೋ ಪಿಸುಪಿಸು ನಡೆಯಿತು. ಕೋಸಂಬರಿ ಖಾಲಿಯಾಗಿತ್ತು ಅಂತ ಕಾಣುತ್ತದೆ. ಪಾಪ, ಕೇಳಿದವಳಿಗೆ ಇಲ್ಲ ಅನ್ನೋದು ಹೇಗೆ ಅಂತ ಬಾಣಲೆಯಿಂದ ಆಗತಾನೇ ತೆಗೆದ ಅಂಬೊಡೆಯನ್ನು ನಾಲ್ಕು ತಂದು ಸುರಿದರು.

ಬೇಡ ಅನ್ನುವುದಕ್ಕೂ ನಮ್ಮಲ್ಲಿ ದಾರಿ ಇಲ್ಲ. "ಸಾಕು" ಅಂದರೆ ಸಂಕೋಚ ಅಂತ ಲೆಕ್ಕ. ಕೈ ಅಡ್ಡ ಹಿಡಿದರೆ ತುಪ್ಪ ಬೆರಳ ಸಂದಿಯಿಂದ ಇಳಿದು ಅನ್ನಕ್ಕೇ ಸೇರುತ್ತದೆ, ಅದರ ಮೇಲೆ ಕೈ ಬೇರೆ ಸುಡುತ್ತದೆ. ಒಂದು ಟೀ ಚಮಚ ತುಪ್ಪ ಅಂದರೆ 5 ಗ್ರಾಂ, 45 ಕ್ಯಾಲೊರಿ ಅಂತ ಪುಸ್ತಕದಲ್ಲಿ ಇದೆ. ನಮ್ಮತ್ತೆ ಬಡಿಸುವುದು ಮಿಳ್ಳೆಯಲ್ಲಿ. ಇನ್ನು "ಅರ್ಧ ಒಬ್ಬಟ್ಟು ಹಾಕಿ" ಅನ್ನೋದು ಎಲ್ಲಕ್ಕಿಂತ ಅಪಾಯದ ಮಾತು. ಅರ್ಧ ಹಾಕುತ್ತಾರೆ. ಉಳಿದ ಅರ್ಧವನ್ನು ಕೈಯಲ್ಲೇ ಹಿಡಿದುಕೊಂಡು, "ಇದನ್ನ ಇನ್ಯಾರಿಗೆ ಹಾಕಲಿ?" ಅಂತ ಅದನ್ನೂ ಹಾಕುತ್ತಾರೆ. ನೀವು ತಿಂದದ್ದು ಅರ್ಧ ಅನ್ನುವ ಲೆಕ್ಕವೇ ಅವರ ತಲೆಯಲ್ಲಿ ಉಳಿದಿರುವುದರಿಂದ ಮುಂದಿನ ಸುತ್ತಿನಲ್ಲಿ, "ನೀನು ಅರ್ಧ ತಾನೇ ತಿಂದಿದ್ದು?" ಅಂತ ಇನ್ನೊಂದು ಪೂರ್ತಿ ಬೀಳುತ್ತದೆ. ಬೆಲ್ಲದ್ದು, ಏನೂ ಆಗಲ್ಲ ಅನ್ನೋ ಸಮಾಧಾನ ಬೇರೆ. ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ.

ಗಣೇಶ ಚೌತಿಯ ದಿನ ಮನೆಯವರು ಹೊಸ ಉಪಾಯ ತೆಗೆದರು. ಊಟ ಆದ ಮೇಲೆ ನಡೆದರೆ ರಕ್ತದಲ್ಲಿ ಸಕ್ಕರೆ ಅಷ್ಟು ಏರುವುದಿಲ್ಲ. ಇದು ನಿಜವೂ ಹೌದು. ಹದಿನೈದು ನಿಮಿಷ ನಡೆದರೂ ಸಾಕು. ಆದರೆ ಒಬ್ಬರೇ ಹೋಗದೆ ಮಕ್ಕಳನ್ನೂ ಕರೆದುಕೊಂಡು ಹೋದರು. ಚೌತಿ ದಿನ 108 ಗಣೇಶ ನೋಡಬೇಕು ಅಂತ ಮಕ್ಕಳು ಅಕ್ಷತೆ ಹಿಡಿದು ಬೀದಿ ಸುತ್ತೋದು ನಿಮಗೂ ಗೊತ್ತಲ್ಲ. "ನಿಮ್ಮನೇಲಿ ಗಣೇಶ ಕೂರಿಸಿದ್ದೀರಾ?" ಅಂತ ಮಕ್ಕಳು ಪ್ರತಿ ಗೇಟಿನಲ್ಲೂ ಕೂಗುವುದು, ಇವರು ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವುದು, ಆ ಮನೆಯವರು "ಅಯ್ಯೋ, ನೀವ್ಯಾಕೆ ಹೊರಗೇ ನಿಂತ್ರಿ, ಒಳಗೆ ಬನ್ನಿ" ಅಂತ ಕರೆದು ಕೈಗೆ ಪಂಚಕಜ್ಜಾಯ, ಕಡಲೆಕಾಳಿನ ಉಸಲಿ, ಕರಿದ ಕಡುಬು ಹಾಕುವುದು. ಪ್ರಸಾದ ಬೇಡ ಅನ್ನುವ ಹಾಗಿಲ್ಲ. ಬಿರುಸಾಗಿ ಒಂದು ಗಂಟೆ ನಡೆದರೂ ಕರಗುವುದು 250–300 ಕ್ಯಾಲೊರಿ. ಇವರದು ಬಿರುಸೂ ಅಲ್ಲ, ನಡಿಗೆಯೂ ಅಲ್ಲ. ಬಂದವರೇ ಸೋಫಾದ ಮೇಲೆ ಕೂತು, "ರಾತ್ರಿ ನನಗೆ ಊಟ ಬೇಡ" ಅಂದರು. ಆದರೂ ಮೊಸರನ್ನ ಉಂಡರು.

ಮರುದಿನ ಬೆಳಗ್ಗೆ ತೂಕದ ಮೆಷಿನ್ನು ಒಂದೂವರೆ ಕಿಲೋ ಜಾಸ್ತಿ ತೋರಿಸಿತು. ಮನೆಯೆಲ್ಲ ಗಲಾಟೆ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಮೈಯಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಹೋಗಿರಬೇಕು. ಎಷ್ಟೇ ಗಟ್ಟಿಯಾಗಿ ಉಂಡರೂ ಒಂದು ಹಬ್ಬದೂಟದಲ್ಲಿ ಅಷ್ಟು ಆಗುವುದಿಲ್ಲ. ಬೆಳಗ್ಗೆ ಕಂಡದ್ದು ಬಹುಪಾಲು ನೀರು. ಅನ್ನ, ಸಿಹಿಯನ್ನು ಮೈ ಗ್ಲೈಕೋಜನ್ ಮಾಡಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿ ಇನ್ನೂ ಅರಗದ ಊಟದ ತೂಕವೂ ಇದೆ. ಎರಡು ಮೂರು ದಿನ ಸುಮ್ನೆ ಮಾಮೂಲಿ ಊಟ ಮಾಡಿದರೆ ಬಹುಪಾಲು ಇಳಿದುಹೋಗುತ್ತದೆ. ಹೇಳಿದರೆ ಕೇಳಬೇಕಲ್ಲ. ಆಯುಧಪೂಜೆವರೆಗೂ ದಿನಾ ಹತ್ತಿ ಇಳಿಯುವುದೇ ಆಯಿತು. ಆಯುಧಪೂಜೆ ದಿನ ಅತ್ತೆ ಸ್ಕೂಟರ್, ಮಿಕ್ಸಿ, ಈಳಿಗೆಮಣೆ, ಲ್ಯಾಪ್‌ಟಾಪ್ ಜೊತೆ ಆ ಮೆಷಿನ್ನಿಗೂ ಕುಂಕುಮ ಇಟ್ಟು, ಸೇವಂತಿಗೆ ಹೂವು ಏರಿಸಿದರು. "ಪೂಜೆ ಮಾಡಿದ್ದರ ಮೇಲೆ ಕಾಲಿಡ್ತೀಯೇನೋ?" ಅಂತ ಬೈದ ಮೇಲೆ ಮನೆಯಲ್ಲಿ ನೆಮ್ಮದಿ.

ನನ್ನ ಪ್ರಕಾರ ಹಬ್ಬದ ದಿನ ಯಾರೂ ದಪ್ಪ ಆಗುವುದಿಲ್ಲ. ಎಲೆ ಮುಂದೆ ಕೂತಾಗ ಲೆಕ್ಕ ಹಾಕೋದು ಊಟಕ್ಕೂ ಅವಮಾನ, ಮಾಡಿದವರಿಗೂ ಅವಮಾನ. ನಿಜವಾದ ಕಳ್ಳ ಇರೋದು ಅಡುಗೆಮನೆ ಶೆಲ್ಫಿನ ಸ್ಟೀಲ್ ಡಬ್ಬಿಯಲ್ಲಿ. ಮರುದಿನದ ಒಬ್ಬಟ್ಟು, ಅದನ್ನು ಕಾವಲಿ ಮೇಲೆ ಸ್ವಲ್ಪ ಗರಿಯಾಗುವ ಹಾಗೆ ಬಿಸಿ ಮಾಡಿ, ಅಂಚು ಕೆಂಪಾದ ಮೇಲೆ ಹಾಲು ತುಪ್ಪ ಹಾಕಿಕೊಂಡರೆ, ಅಯ್ಯೋ ಅದರ ರುಚಿ ಹಬ್ಬದ ದಿನ ಕೂಡ ಇರುವುದಿಲ್ಲ. ಆಮೇಲೆ ಚಕ್ಕುಲಿ, ಕೋಡುಬಳೆ, ರವೆ ಉಂಡೆ. ಕಾಫಿ ಜೊತೆಗೊಂದು, ಟಿವಿ ಮುಂದೆ ಒಂದು. ದಿನಕ್ಕೆ 250 ಕ್ಯಾಲೊರಿ ಹೀಗೆ ಒಳಗೆ ಹೋದರೆ ತಿಂಗಳಿಗೆ 7,500. ಅಲ್ಲಿಗೆ ಹತ್ತಿರ ಹತ್ತಿರ ಒಂದು ಕಿಲೋ. ವರಮಹಾಲಕ್ಷ್ಮಿಯಿಂದ ದೀಪಾವಳಿಗೆ ಎಷ್ಟು ತಿಂಗಳು, ನೀವೇ ಎಣಿಸಿಕೊಳ್ಳಿ.

ಹಾಗಂತ ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟು ನೋಡಿದೆ. ನಮ್ಮಲ್ಲಿ ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ಇಲ್ಲವಲ್ಲ. ಒಬ್ಬಟ್ಟು ತುಂಬಿ ಹೋದ ಡಬ್ಬಿ ಕರ್ಜಿಕಾಯಿ ತುಂಬಿಕೊಂಡು ಬಂತು. ಕೊನೆಗೆ ಮನೆಯವರ ಆಫೀಸಿಗೇ ಕಳಿಸಿದೆ. ಇದು ಮಾತ್ರ ಪಕ್ಕಾ ಉಪಾಯ. ಮೇಜಿನ ಮೇಲೆ ಇಟ್ಟು ಕಾಫಿ ತರೋಕೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಖಾಲಿ. ಯಾರೂ ತುಂಬಿ ಕೊಡುವುದೂ ಇಲ್ಲ. ಈ ದಾರಿಯಲ್ಲಿ ದೀಪಾವಳಿ ಹೊತ್ತಿಗೆ ಇವರ ತೂಕ ನಿಜವಾಗಿಯೂ ಇಳಿದಿತ್ತು.

"ಅಮ್ಮಾ, ಒಂದು ಕಿಲೋ ಕಮ್ಮಿ ಆಗಿದ್ದೀನಿ" ಅಂತ ಖುಷಿಯಿಂದ ಹೇಳಿದರು. ಅತ್ತೆ ಡಬ್ಬಿಗಳನ್ನು ಎಣಿಸುತ್ತಿದ್ದರು. ಒಂದನ್ನು ತಿರುಗಿಸಿ, ಅದರ ಮೇಲೆ ಕೆತ್ತಿಸಿದ್ದ ತಮ್ಮ ಹೆಸರನ್ನು ಕನ್ನಡಕ ಏರಿಸಿ ಓದಿದರು.

"ಅದು ಸರಿ ಕಣೋ, ಇದರ ಮುಚ್ಚಳ ಎಲ್ಲಿ?"