ಮಲ್ಲಿಗೆಗೆ ಕಾಮಾಲೆ

ನಮ್ಮ ಮೈಸೂರಿನಲ್ಲಿ ಮನುಷ್ಯರಿಗೆ ಜ್ವರ ಬಂದರೆ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕು. ಕುಂಡದ ಗಿಡ ಹಳದಿಯಾದರೆ ಡಾಕ್ಟರುಗಳೇ ಗೇಟು ತೆಗೆದು ಒಳಗೆ ಬರುತ್ತಾರೆ. ಫೀಸಿಲ್ಲ, ಒಂದು ಲೋಟ ಕಾಫಿ ಸಾಕು.

ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿರುವುದು ಮೈಸೂರು ಮಲ್ಲಿಗೆ, ಭೌಗೋಳಿಕ ಸೂಚಿ ಪಡೆದ ಮನೆತನದ ಹೂವು. ಅದರ ಎಲೆ ಹಳದಿಗೆ ತಿರುಗಿದ್ದೇ ತಡ, ಪಕ್ಕದ ಮನೆ ಅಂಕಲ್ ಹಾಜರಾದರು. ನಿವೃತ್ತ ಎಂಜಿನಿಯರ್. "ಐರನ್ ಕಮ್ಮಿಯಾಗಿದೆ ಕಣಮ್ಮ" ಎಂದವರೇ ಜೇಬಿನಿಂದ ತುಕ್ಕು ಮೊಳೆಗಳನ್ನು ತೆಗೆದು ಮಣ್ಣಿಗೆ ಚುಚ್ಚಿದರು. ಜೇಬಿನಲ್ಲಿ ತುಕ್ಕು ಮೊಳೆ ಇಟ್ಟುಕೊಂಡು ಓಡಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅತ್ತೆಯವರ ಪ್ರಕಾರ ಅದು ದೃಷ್ಟಿ. ಯಾರದ್ದು ಅನ್ನುವುದೂ ಗೊತ್ತು, ಹೇಳುವುದಿಲ್ಲವಂತೆ; ಎದುರು ಮನೆಯತ್ತ ನೋಡಿದರು, ಅಷ್ಟೇ. ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ದರಿಂದ ಗಿಡಕ್ಕೇನೂ ಆಗಲಿಲ್ಲ, ನಾವೆಲ್ಲ ಕೆಮ್ಮಿದೆವು. ಯಜಮಾನರು ಮೊಬೈಲಿನಲ್ಲಿ ಫೋಟೊ ತೆಗೆದು ಯಾವುದೋ ಆ್ಯಪ್‌ಗೆ ತೋರಿಸಿದರು. "ಇದು ಕ್ರೋಟನ್, ಆರೋಗ್ಯವಾಗಿದೆ" ಎಂದಿತು. ಅವರಿಗೆ ಪೂರ್ತಿ ಸಮಾಧಾನವಾಯಿತು.

ಆ ಭಾನುವಾರ ಅತ್ತೆಯ ತಮ್ಮ ಮದ್ದೂರು ಕಡೆಯಿಂದ ಬಂದರು. ನಾಲೆ ನೀರಲ್ಲಿ ಕಬ್ಬು ಬೆಳೆದವರು. "ಇದ್ಕೆ ಇಷ್ಟೊಂದ್ ಯೋಚ್ನೆ ಯಾಕವ್ವ? ಒಂದ್ ಹಿಡಿ ಯೂರಿಯಾ ಉಗ್ಗು, ಕರ್ರಗೆ ಎದ್ದು ಬತ್ತದೆ" ಎಂದರು. ಕಬ್ಬಿನ ಗದ್ದೆಗೆ ಅದು ಸರಿಯೇ. ಆದರೆ ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಬಕೆಟ್ಟಿನಷ್ಟು ಮಣ್ಣಿಗೆ ಒಂದು ಹಿಡಿ ಸುರಿದರೆ ಬೇರು ಸುಟ್ಟು ಎಲೆಯಂಚು ಕರಕಲಾಗುತ್ತದೆ.

ಇವರಲ್ಲಿ ಯಾರೂ, ಹಳದಿಯಾಗಿರುವುದು ಹಳೆಯ ಎಲೆಯೋ ಚಿಗುರೋ ಎಂದು ನೋಡಲೇ ಇಲ್ಲ. ನೋಡಬೇಕಾದದ್ದು ಅದೇ. ಸಾರಜನಕ ಸಾಲದಾದಾಗ ಗಿಡ ತನ್ನ ಹಳೆಯ ಎಲೆಗಳಿಂದ ಅದನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕೊಡುತ್ತದೆ, ಪಿಂಚಣಿ ಬಂದ ದಿನವೇ ಮೊಮ್ಮಕ್ಕಳ ಕೈಗೆ ದುಡ್ಡು ಹಾಕುವ ಅಜ್ಜಿಯರ ಹಾಗೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣಕ್ಕೆ ಹಾಗೆ ಓಡಾಡಲು ಬರುವುದಿಲ್ಲ. ಅದು ಕಮ್ಮಿಯಾದರೆ ಚಿಗುರೇ ಹಳದಿ, ನರ ಮಾತ್ರ ಹಸಿರು.

ನಮ್ಮ ಮಲ್ಲಿಗೆ ಎರಡೂ ಅಲ್ಲ. ಮೇಲೆ ಕೆಳಗೆ ಎನ್ನದೆ ಹಳದಿ. ಎಲೆ ಮೆತ್ತಗಾಗಿ ಜೋತುಬಿದ್ದಿತ್ತು. ಮೇಲ್ಮಣ್ಣು ಒಣಗಿದಂತೆ ಕಂಡರೂ ಬೆರಳನ್ನು ಎರಡು ಗೆಣ್ಣು ಇಳಿಸಿದರೆ ರಾಡಿ. ತಾರಸಿ ಕಲೆಯಾದೀತೆಂದು ಯಜಮಾನರು ಕುಂಡದಡಿ ಒಂದು ತಟ್ಟೆ ಇಟ್ಟಿದ್ದರು, ಅದು ತುಂಬಿ ಪಾಚಿ ಕಟ್ಟಿತ್ತು. ಕುಂಡವನ್ನು ಮಗ್ಗುಲಾಗಿಸಿ ತಳದ ತೂತಿಗೆ ಛತ್ರಿ ಕಡ್ಡಿ ಹಾಕಿ ತಿವಿದೆ. ಮೊದಲು ಒಂದಿಷ್ಟು ಬೇರು, ಆಮೇಲೆ ಮಣ್ಣಿನ ಗಟ್ಟಿ, ಆಮೇಲೆ ಚರಂಡಿಯ ವಾಸನೆಯ ಕಪ್ಪು ನೀರು ಗುಳುಗುಳು ಎಂದು ಹರಿದು ಯಜಮಾನರ ಚಪ್ಪಲಿಯವರೆಗೂ ಹೋಯಿತು.

ತನಿಖೆ ನಡೆಸಿದೆ. ಬೆಳಿಗ್ಗೆ ಅತ್ತೆ ಅಕ್ಕಿ ತೊಳೆದ ನೀರು ಹಾಕುತ್ತಾರೆ. ಮಧ್ಯಾಹ್ನ ಅಂಕಲ್ ತಮ್ಮ ತಾರಸಿಯಿಂದಲೇ ಪೈಪು ಬಿಡುತ್ತಾರೆ. ಸಂಜೆ ಯಜಮಾನರು ಫೋನಿನಲ್ಲಿ ಮಾತಾಡುತ್ತಾ ನೀರು ಹಾಕುತ್ತಾರೆ. ಮಾತು ಮುಗಿಯುವವರೆಗೂ ನೀರು ನಿಲ್ಲದು. ಮೂವರೂ "ಪಾಪ, ಬಾಡಿದೆ, ಈ ಮನೇಲಿ ನಾನೊಬ್ಬನೇ ನೋಡ್ಕೊಳ್ಳೋದು" ಎನ್ನುವವರೇ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಉಸಿರುಗಟ್ಟಿದ ಬೇರು ನೀರನ್ನೂ ಹೀರಲಾರದು. ಹೀಗಾಗಿ ಮುಳುಗುತ್ತಿರುವ ಗಿಡ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಕನಿಕರಪಟ್ಟು ಇನ್ನೊಂದು ಚೊಂಬು ಹಾಕುತ್ತಾರೆ.

ಕೊಳೆತ ಕಂದು ಬೇರು ಕತ್ತರಿಸಿ, ಮರಳು ಬೆರೆಸಿದ ಕೆಂಪುಮಣ್ಣಿಗೆ ಬದಲಿಸಿದೆ. ತಟ್ಟೆ ಬಚ್ಚಲಿಗೆ ಹೋಯಿತು. ಹೊಸ ಚಿಗುರು ಹಸಿರಾಗಿ ಬಂತು. "ಹಳೇ ಎಲೆ ಹಳದಿಯಾಗೇ ಇದೆಯಲ್ಲೇ" ಎಂದು ಅತ್ತೆ ದಿನಾ ಆಕ್ಷೇಪಿಸುತ್ತಾರೆ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ ಎಂದರೆ ನಂಬಿಕೆಯಿಲ್ಲ.

ಈಗ ಸರದಿ ಕರಿಬೇವಿನದು. ಅಲ್ಲಿ ಚಿಗುರೇ ಹಳದಿ, ನರ ಹಸಿರು! ಅಂಕಲ್ ಗೆದ್ದ ಮುಖ ಮಾಡಿಕೊಂಡು ಮೊಳೆ ತಂದರು. ಕಾಯಿಲೆ ಸರಿ, ಔಷಧಿ ತಪ್ಪು. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೇ ಬಿಳಿ ಸುಣ್ಣ ಕಟ್ಟಿಸುವಷ್ಟು ಗಡಸು. ಅಂಥ ನೀರುಂಡು ಕ್ಷಾರವಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ನೀರಿನಲ್ಲಿ ಕರಗುವ ಕಬ್ಬಿಣದ ಲವಣ, ಫೆರಸ್ ಸಲ್ಫೇಟ್), ಚೂರು ನಿಂಬೆರಸ ಹಾಕಿ ಸಂಜೆ ಎಲೆಗೇ ಸಿಂಪಡಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ. ಕರಿಬೇವಿಗೆ ಹುಳಿ ಮಜ್ಜಿಗೆಯೇ ಆಗಬೇಕಂತೆ. ಹುಳಿ ಇನ್ನೂ ಸಾಲದೆಂದು ಮಜ್ಜಿಗೆಯ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟಿದ್ದಾರೆ. ಮೊನ್ನೆಯಿಂದ ಅಡುಗೆಮನೆಗೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೇವೆ.