ಮಂಡ್ಯಕ್ಕೆ ಹಡಗು ಯಾವಾಗ ಬರ್ತದೆ?

ನಮ್ಮ ಬಡಾವಣೆ ಸರ್ಕಲ್‌ನಲ್ಲಿ ಲೈಟ್‌ಹೌಸ್ ಎದ್ದು ಮೂರ್ ತಿಂಗ್ಳಾಯ್ತು, ಇನ್ನೂ ಒಂದು ಹಡಗೂ ಬಂದಿಲ್ಲ. ಬರೋದೆಲ್ಲ ಕಬ್ಬಿನ ಟ್ರ್ಯಾಕ್ಟ್ರುಗಳು, ಅವುಕ್ಕೆ ಹಿಂದ್ಗಡೆ ಲೈಟೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಮಂಡ್ಯ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ 680 ಮೀಟರ್ ಮೇಲೈತೆ ಕಣ್ರಪ್ಪ, ಸಮುದ್ರ ಇಲ್ಲಿಗಂಟ ಉಕ್ಕಿ ಬಂದ್ರೆ ಶಿರಾಡಿ ಘಾಟಿನೇ ಮುಳುಗಿರ್ತದೆ, ಆಮೇಲೆ ದಾರಿ ತೋರ್ಸೋದು ಯಾರ್ಗೆ?

ಯಾರೋ ಮಹಾನುಭಾವ್ರು ಫ್ಯಾಮಿಲಿ ಜೊತೆ ಉಡುಪಿ ಹತ್ರದ ಕಾಪುಗೆ ಟ್ರಿಪ್ ಹೋಗಿ, ಅಲ್ಲಿನ ಲೈಟ್‌ಹೌಸ್ ಫೋಟೋ ತಂದು, "ಇಂಥದ್ದೇ ಬೇಕು" ಅಂದ್ರಂತೆ. ಬಂತು ನೋಡಿ ಫೈಬರ್‌ದು, ಕಪ್ಪು ಬಿಳಿ ಪಟ್ಟೆ ಬಳ್ಕಂಡು, ಬಾಗ್ಲು ಬರೀ ಪೇಂಟು. ಕಾಪುದು 1901ರದ್ದು, ಕಡಲ ಪಕ್ಕ ಬಂಡೆ ಮೇಲೆ 27 ಮೀಟರ್ ಎತ್ತರ ನಿಂತೈತೆ. ಅದು ಹಡಗಿನೋರಿಗೆ ಹೇಳೋದು "ಇಲ್ಲಿ ಬಂಡೆ ಐತೆ, ಹತ್ರ ಬರ್ಬೇಡಿ" ಅಂತ. ನಮ್ದು ಹೇಳೋದು "ಹತ್ರ ಬನ್ನಿ, ಸೆಲ್ಫಿ ತಗಳಿ" ಅಂತ, ಅದೂ ನಾಲ್ಕು ರೋಡು ಸೇರೋ ಜಾಗ್ದಲ್ಲಿ!

ಅಸಲಿ ಲೈಟ್‌ಹೌಸು ಒಂದೊಂದೂ ಮಿನುಗೋ ಲೆಕ್ಕವೇ ಬೇರೆ, ಎಷ್ಟ್ ಸೆಕೆಂಡಿಗೆ ಎಷ್ಟ್ ಸಲ ಅಂತ ಎಣ್ಸಿ ಇದು ಯಾವೂರು ಅಂತ ಹಡಗಿನೋರು ಕಂಡ್ಕಂತಾರೆ. ನಮ್ದೂ ಮಿನುಗ್ತದೆ, ಲೂಸ್ ಕನೆಕ್ಷನ್ನು, ಆ ಲೆಕ್ಕ ಲೈನ್‌ಮನ್‌ಗೂ ಸಿಕ್ಕಿಲ್ಲ. ಈಗ ಜಿಪಿಎಸ್ ಬಂದೈತೆ, ಆದ್ರೂ ಸೆಟ್ ಕೈ ಕೊಟ್ರೆ ಬೋಟಿನೋರು ಕಣ್ಣೆತ್ತಿ ನೋಡೋದು ಅದನ್ನೇ. ಸರ್ಕಾರನೂ 2024ರಲ್ಲಿ 75 ಲೈಟ್‌ಹೌಸ್‌ಗಳಲ್ಲಿ ಟೂರಿಸಂಗೆ ವ್ಯವಸ್ಥೆ ಮಾಡ್ತು, ಸರಿ, ಅವು ದುಡಿದು ದುಡಿದ ಮೇಲೆ ಫೋಟೋಗೆ ನಿಂತವೆ, ನಮ್ದು ಹುಟ್ತಾನೇ ರಿಟೈರ್ಡು. ನಮ್ಮೋರನ್ನೇ ಬೈದೇನು ಬಂತು ಬಿಡಿ, ದೇಶದ ಲೈಟ್‌ಹೌಸ್‌ಗಳಿಗೆಲ್ಲ ಹೆಡ್ಡಾಫೀಸು ಇರೋದೇ ನೋಯ್ಡಾದಲ್ಲಿ, ಅಲ್ಲಿ ಯಾವ ಅಲೆ ಬಡಿತದೋ!

ಹೊಟ್ಟೆ ಉರಿಯೋದು ಇದಕ್ಕೆ. 1902ರಲ್ಲಿ ನಮ್ ಜಿಲ್ಲೆ ಶಿವನಸಮುದ್ರದಲ್ಲಿ ಕರೆಂಟ್ ತೆಗ್ದು ಕೋಲಾರದ ಚಿನ್ನದ ಗಣಿಗಂಟ ತಂತಿ ಎಳೆದಿದ್ರು, ಅದೇ ಜಿಲ್ಲೇಲಿ ನಮ್ ಸರ್ಕಲ್ ದಾಟಿ ಅರ್ಧ ಕಿಲೋಮೀಟರ್ ಹೋದ್ರೆ ನಾಲೆ ಏರಿ ಮೇಲಿನ ತಿರುವು, ತಡೆಗೋಡೆ ಇಲ್ಲ, ಕಂಬ ಐತೆ ಬಲ್ಬಿಲ್ಲ. ಕೇಳೋಕೋದ್ರೆ "ಅದ್ಕೆ ಬೇರೆ ಹೆಡ್ಡಲ್ಲಿ ದುಡ್ಡು ಬರ್ಬೇಕು ಸಾರ್, ಇದು ಬ್ಯೂಟಿಫಿಕೇಶನ್ನು" ಅಂದ್ರು.

ಸರ್ಕಲ್ಲಲ್ಲಿ ಹೂ ಮಾರೋ ಅಜ್ಜಿ ಇದನ್ನ ದೇವಸ್ಥಾನದ ದೀಪಸ್ತಂಭ ಅಂತ್ಲೇ ತಿಳ್ಕಂಡವ್ಳೆ. ದಿನಾ ಸಂಜೆ ಬುಡಕ್ಕೆ ನೀರು ಚಿಮುಕ್ಸಿ, ಕುಂಕುಮ ಇಟ್ಟು, ಮಿಕ್ಕಿದ್ ಕನಕಾಂಬರ ಏರ್ಸಿ, ಮಣ್ಣಿನ ಹಣತೇಲಿ ಎಳ್ಳೆಣ್ಣೆ ದೀಪ ಹಚ್ತಾಳೆ. ಮೊನ್ನೆ ಮೇಲ್ಗಡೆ ಲೈಟು ಪೂರ್ತಿ ಹೋದಾಗ ಬೈಕ್‌ನೋರೆಲ್ಲ ಆ ಹಣತೆ ನೋಡ್ಕಂಡೇ ಸ್ಲೋ ಮಾಡಿ ತಿರುಗ್ಸ್ತಿದ್ರು. ಹೂ ತಗಳಕ್ಕೆ ನಿಂತಿದ್ದೆ, ನನ್ ಕಡೆ ತಿರುಗಿ ಕೇಳ್ತು, "ಅಲ್ಲ ಮಗ, ಇದು ಯಾವ್ ದೇವ್ರುದು ಅಂತ ನಿಂಗಾದ್ರೂ ಗೊತ್ತೇನಪ್ಪ?"