ಹೆಬ್ಬೆರಳು ಎತ್ತಿದರೆ ಮೇಲೆ ಕರಕೊಂಡು ಬನ್ನಿ

ಮೈಮೇಲಿನ ಉಪ್ಪು ಇನ್ನೂ ತೊಳೆದಿಲ್ಲ. ಸ್ನಾನ, ಊಟ ಅಂತ ಕೂತರೆ ಸಿಟ್ಟು ತಣ್ಣಗಾಗಿಬಿಡುತ್ತದೆ. ತಣ್ಣಗಾಗಬಾರದು ಅಂತಲೇ ಮುರ್ಡೇಶ್ವರದ ದಡದಲ್ಲಿ ಕೂತು ಬರೀತಿದ್ದೇನೆ.

ನಾನು ಸ್ಕೂಬಾ ಡೈವಿಂಗ್ ಗೈಡ್. ಇವತ್ತು ನೇತ್ರಾಣಿ ದ್ವೀಪದ ಹತ್ತಿರ ನಮ್ಮ ಬೋಟಿನ ಪಕ್ಕ ಇನ್ನೊಂದು ಬೋಟ್ ನಿಂತಿತ್ತು. ಯಾರದ್ದು ಅಂತ ಕೇಳಬೇಡಿ. ನಾನು ನೀರೊಳಗೆ 5 ಮೀಟರಿನಲ್ಲಿದ್ದೆ. ಮೂರು ನಾಲ್ಕು ಮಾರು ಆಚೆ ಒಬ್ಬ ಹುಡುಗಿ, ಹದಿನೆಂಟು ಇರಬಹುದು, ಹೆಬ್ಬೆರಳು ಎತ್ತಿ ತೋರಿಸ್ತಿದ್ದಳು. ಅವಳೆದುರು ಗೋಪ್ರೊ ಕ್ಯಾಮೆರಾ ಹಿಡಿದಿದ್ದ ಅವಳ ಗೈಡ್ ತಾನೂ ಹೆಬ್ಬೆರಳು ಎತ್ತಿದ, ಸೂಪರ್ ಅನ್ನೋ ಹಾಗೆ. ಅವಳು ಮತ್ತೆ ಎತ್ತಿದಳು. ಇನ್ನೊಂದು ಕೈ ಕಿವಿಯ ಮೇಲಿತ್ತು. ಅವನು ಅವಳ ಸಿಲಿಂಡರಿನ ಕುತ್ತಿಗೆ ಹಿಡಿದು ಇನ್ನೂ ಕೆಳಗೆ ಎಳೆದ. ಹವಳದ ಹತ್ತಿರ ವಿಡಿಯೋ ಚೆನ್ನಾಗಿ ಬರುತ್ತಲ್ಲ, ಅದಕ್ಕೆ.

ದಡದಲ್ಲಿ ಹೆಬ್ಬೆರಳು ಎತ್ತಿದರೆ ಸೂಪರ್. ನೀರೊಳಗೆ ಎತ್ತಿದರೆ ‘ನನ್ನನ್ನು ಮೇಲೆ ಕರಕೊಂಡು ಹೋಗಿ’ ಅಂತ. ಅಲ್ಲಿ ಬಾಯಲ್ಲಿ ಉಸಿರಾಡೋ ರೆಗ್ಯುಲೇಟರ್ ಇರುತ್ತದೆ, ಕೂಗೋಕೆ ಬಾಯಿಲ್ಲ, ಇರೋದು ಎರಡು ಕೈ. ಹೋಗುವಾಗ ಬೋಟಿನಲ್ಲಿ ಅವಳಿಗೆ ಇದನ್ನು ಕಲಿಸಿದ್ದು ಅವನೇ ಇರಬೇಕು. ಕಲಿತವಳಿಗೆ ನೆನಪಿತ್ತು, ಕಲಿಸಿದವನಿಗೆ ಮರೆತುಹೋಗಿತ್ತು.

ನನ್ನ ಜೊತೆಗಿದ್ದವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಸಿಲಿಂಡರಿಗೆ ಕಬ್ಬಿಣದ ಕ್ಲಿಪ್ಪಿನಿಂದ ಟಣ್ ಟಣ್ ಅಂತ ಬಡಿದೆ. ಅವನು ತಿರುಗಿದ. ಅವಳನ್ನು ತೋರಿಸಿ ಹೆಬ್ಬೆರಳು ಎತ್ತಿದೆ, ನನ್ನ ಮುಖದಲ್ಲಿ ಏನು ಕಂಡಿತೋ, ಕೂಡಲೇ ಕರಕೊಂಡು ಮೇಲೆ ಹೋದ. ಆಮೇಲೆ ನೋಡಿದರೆ ಆ ಹುಡುಗಿ ಬೋಟಿನ ಮೂಲೆಯಲ್ಲಿ ಟವೆಲ್ ಹೊದ್ದು ಕಿವಿ ಹಿಡಿದು ಕೂತಿದ್ದಳು. ಅವಳ ಅಪ್ಪ ವಿಡಿಯೋ ನೋಡ್ತಾ ಇದ್ದರು.

10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಆದರೆ ಕಿವಿ ಅಲ್ಲಿವರೆಗೆ ಕಾಯುವುದಿಲ್ಲ, ಮೊದಲ ಎರಡು ಮೂರು ಮೀಟರಿನಲ್ಲೇ ಹಿಡಿಯುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಊದಬೇಕು. ಆಗಲೂ ಬಿಡದಿದ್ದರೆ ಅವತ್ತಿನ ಡೈವ್ ಮುಗೀತು, ಅಷ್ಟೇ. ಕೆಳಗೆ ಎಳೆದರೆ ಕಿವಿಯ ತಮಟೆ ಹರಿಯಬಹುದು. ಹೆದರಿ ಉಸಿರು ಕಟ್ಟಿ ತಾವಾಗಿಯೇ ಮೇಲಕ್ಕೆ ಜಿಗಿದರೆ ಅದು ಇನ್ನೂ ಘೋರ, ಶ್ವಾಸಕೋಶದಲ್ಲಿದ್ದ ಗಾಳಿ ಮೇಲೆ ಬರ್ತಾ ಬರ್ತಾ ಹಿಗ್ಗುತ್ತದೆ. ಅದಕ್ಕೇ ಗೈಡ್ ಆದವನ ಕಣ್ಣು ಅವರ ಕಣ್ಣಿನ ಮೇಲಿರಬೇಕು, ಗುಳ್ಳೆಗಳ ಮೇಲಿರಬೇಕು. ಗುಳ್ಳೆ ನಿಂತರೆ ಉಸಿರು ಕಟ್ಟಿದ್ದಾರೆ ಅಂತ. ದಬದಬ ಬಂದರೆ ಗಾಬರಿಯಾಗಿದ್ದಾರೆ ಅಂತ. ಕ್ಯಾಮೆರಾದ ಪರದೆ ನೋಡ್ತಾ ಇದ್ದವನಿಗೆ ಇದು ಹೇಗೆ ಕಾಣಬೇಕು?

ಗೆಳೆಯರು ಹೇಳ್ತಾರೆ: ಸೀಸನ್ ಇರೋದು ಅಕ್ಟೋಬರಿನಿಂದ ಮೇವರೆಗೆ, ಮಳೆಗಾಲ ಪೂರ್ತಿ ಕೈ ಖಾಲಿ, 19 ಕಿಲೋಮೀಟರ್ ಹೋಗಿಬರೋ ಡೀಸೆಲ್ ಖರ್ಚು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಂದ ಬಂದವರು ಮೊದಲು ಕೇಳೋದೇ ವಿಡಿಯೋ. ನಿಜ. ನನ್ನ ಮನೆಯೂ ಅದೇ ದುಡ್ಡಿನಲ್ಲಿ ನಡೆಯುತ್ತದೆ. ಆದರೆ ಕಿವಿ ಹೋದರೂ ಚಿಂತೆಯಿಲ್ಲ ವಿಡಿಯೋ ಕೊಡಿ ಅಂತ ಯಾರೂ ಕೇಳಿಲ್ಲ. ಹೊಸಬರಿಗೆ 12 ಮೀಟರ್ ಅನ್ನೋದು ದಾಟಬಾರದ ಗಡಿ, ಮುಟ್ಟಲೇಬೇಕಾದ ಗುರಿ ಅಲ್ಲ. 4 ಮೀಟರಿನಲ್ಲೂ ಮೀನಿದೆ.

ಇಷ್ಟು ಕೂಗಾಡೋಕೆ ಕಾರಣ ಇದೆ. ನನ್ನ ಎರಡನೇ ಸೀಸನ್, ಅವತ್ತಿನ ಕೊನೇ ಟ್ರಿಪ್. ಶಿವಮೊಗ್ಗ ಕಡೆಯ ಒಬ್ಬರು ಬೋಟಿನಲ್ಲಿ ಎರಡು ಮೂರು ಸಲ ಮೂಗು ಒರೆಸಿಕೊಂಡಿದ್ದನ್ನು ನೋಡಿದ್ದೆ. ನೆಗಡಿಯಿದ್ದರೆ ಕಿವಿ ಸುಲಭಕ್ಕೆ ಬಿಡೋದಿಲ್ಲ, ಆದರೂ ನೆಗಡಿ ಇದೆಯಾ ಅಂತ ಕೇಳಲಿಲ್ಲ. ಆರೋಗ್ಯದ ಫಾರಂ ತುಂಬಿದ್ದಾರಲ್ಲ, ಸಾಕು ಅಂದುಕೊಂಡೆ. ಕೆಳಗೆ ಅವರು ಅಂಗೈ ಆಚೀಚೆ ಆಡಿಸಿದರು, ಏನೋ ಸರಿಯಿಲ್ಲ ಅಂತ. ನಾನು ಅವರ ಕೈ ಹಿಡಿದು ಓಕೆ ತೋರಿಸಿ ಇನ್ನೂ ಇಳಿಸಿದೆ. ಮೇಲೆ ಬಂದಾಗ ಅವರ ಮಾಸ್ಕಿನೊಳಗೆ ರಕ್ತ. ‘ನನ್ನಿಂದ ನಿಮಗೆ ತೊಂದರೆ ಆಯ್ತು’ ಅಂತ ಅವರೇ ನನ್ನ ಕ್ಷಮೆ ಕೇಳಿದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವತ್ತು ನನ್ನ ಹತ್ತಿರವೂ ಕ್ಯಾಮೆರಾ ಇತ್ತು. ಆಮೇಲೆ ನಾನು ಕ್ಯಾಮೆರಾ ಹಿಡಿದು ಇಳಿದಿಲ್ಲ.

ಇವತ್ತು ನನ್ನ ಜೊತೆಗಿದ್ದವರು ಹುಬ್ಬಳ್ಳಿ ಕಡೆಯ ಒಬ್ಬರು ಅಮ್ಮ, ಐವತ್ತು ದಾಟಿದೆ. ‘ತಮ್ಮಾ, ನನಗ ಈಸಾಕ ಬರಂಗಿಲ್ಲ ನೋಡಪಾ’ ಅಂತ ಬೋಟಿನಲ್ಲೇ ಹೇಳಿದ್ದರು. ಹಗ್ಗ ಹಿಡಿಸಿ, ಮುಖ ಮಾತ್ರ ನೀರಿಗಿಟ್ಟು, ಉಸಿರಾಟ ಒಂದು ಹದಕ್ಕೆ ಬರೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಹಗ್ಗದಲ್ಲೇ ಗೇಣು ಗೇಣು ಇಳಿದೆವು. ಆ ಹುಡುಗಿ ಮೇಲೆ ಹೋದ ಸ್ವಲ್ಪ ಹೊತ್ತಿಗೆ ಈ ಅಮ್ಮನೂ ಕಿವಿ ಮುಟ್ಟಿ ತೋರಿಸಿದರು. ನನ್ನ ಎದೆ ಧಸಕ್ಕೆಂದಿತು. ಮೇಲೆ ಹೋಗೋಣ ಅಂತ ಹೆಬ್ಬೆರಳು ಎತ್ತಿದೆ. ಅವರು ತಲೆ ಅಲ್ಲಾಡಿಸಿ, ಬೆರಳನ್ನು ಓಕೆಗೆ ಮಡಚಿ, ಬಂಡೆ ಕಡೆ ತೋರಿಸಿದರು. ಅಲ್ಲೊಂದು ಪ್ಯಾರಟ್ ಫಿಶ್ ಕಲ್ಲು ಕಚ್ಚಿ ಕೆರೆಯುತ್ತಿತ್ತು. ಗುಳ್ಳೆ ನೋಡಿದೆ, ಸರಿಯಾಗಿತ್ತು. ಅಲ್ಲೇ ನಿಂತೆವು.

ಬೋಟಿಗೆ ಹತ್ತಿ ಮಾಸ್ಕ್ ತೆಗೆದವರೇ ಅಂದರು, ‘ಆ ಮೀನ ಕಲ್ಲ ಕಡಿಯೂ ಸಪ್ಪಳ ಕೇಳಿಸ್ತಪಾ ತಮ್ಮಾ. ಥೇಟ್ ಕಡಕ್ ರೊಟ್ಟಿ ಕಡದಂಗ.’